ಎಲೆಯ ಅಂಚಿಗೆ ಸರಿದ ಮೆಣಸುಕಾಳು

ಖಾರ ಪೊಂಗಲ್ ಬಡಿಸಿದ ಪಂಕ್ತಿ ಎದ್ದುಹೋದ ಮೇಲೆ ಎಲೆಗಳನ್ನೊಮ್ಮೆ ನೋಡಿ. ಗೋಡಂಬಿ ಒಂದೂ ಉಳಿದಿರುವುದಿಲ್ಲ. ಕರಿಬೇವು ಪಕ್ಕಕ್ಕೆ ಸರಿದಿರುತ್ತದೆ, ಅದು ಇದ್ದದ್ದೇ. ಆದರೆ ಎಲೆಯ ಅಂಚಿನಲ್ಲಿ ಹತ್ತು ಹದಿನೈದು ಮೆಣಸುಕಾಳು ತುಪ್ಪ ಮೆತ್ತಿಕೊಂಡು, ಬಾಣಲೆಗೆ ಬೀಳುವಾಗ ಹೇಗಿದ್ದವೋ ಹಾಗೇ, ಸಾಲಾಗಿ ಕೂತಿರುತ್ತವೆ. ಹೆಸರಿನಲ್ಲೇ ಖಾರ ಇಟ್ಟುಕೊಂಡ ಅಡುಗೆ ಇದು. ಆ ಖಾರ ಬರಬೇಕಾದ್ದು ಈ ಕಾಳಿನಿಂದ. ಅದನ್ನೇ ಒಂದೊಂದಾಗಿ ಹೆಕ್ಕಿ ಹೊರಗಿಟ್ಟು ಜನ ಉಂಡು ಎದ್ದಿದ್ದಾರೆ. ಉಂಡವರದೇನೂ ತಪ್ಪಿಲ್ಲ. ತುಪ್ಪದಲ್ಲಿ ಅರ್ಧ ನಿಮಿಷ ಹೊರಳಿಸಿ ಮೇಲೆ ಸುರಿದ ಇಡೀ ಕಾಳು ಹಲ್ಲಿಗೆ ಸಿಕ್ಕರೆ ಕಲ್ಲು ಕಡಿದ ಹಾಗಾಗುತ್ತದೆ. ಅದು ಒಡೆದರೆ ಆ ಒಂದು ತುತ್ತು ಉರಿ, ಮುಂದಿನ ತುತ್ತು ಮತ್ತೆ ಸಪ್ಪೆ. ಮನೆಗಳಲ್ಲೂ ಇದೇ, ಹೋಟೆಲುಗಳಲ್ಲೂ ಇದೇ. ನಮ್ಮ ನೆಲದಲ್ಲೇ ಹುಟ್ಟಿದ, ನಮ್ಮ ತೋಟಗಳಲ್ಲೇ ಹಬ್ಬುವ ಮಸಾಲೆಯನ್ನು ನಾವು ಅಲಂಕಾರಕ್ಕೆ ಎಂಬಂತೆ ಹಾಕಿ ಎಸೆಯುತ್ತಿದ್ದೇವಲ್ಲ ಎಂಬುದು ನನ್ನನ್ನು ಬಿಡದೆ ಕಾಡುವ ಸಂಗತಿ.

ಇದರ ಇನ್ನೊಂದು ತುದಿಯೂ ಇದೆ. ಆಮ್ಲೆಟ್ ಮೇಲೆ, ಸೂಪಿನ ಮೇಲೆ ಉದುರಿಸಲು ಇಟ್ಟ ತೂತಿನ ಡಬ್ಬಿಯ ಬೂದುಪುಡಿ. ಅದನ್ನು ಮೂಸಿದರೆ ಸೀನು ಬರುತ್ತದೆ, ಪರಿಮಳ ಬರುವುದಿಲ್ಲ. ಒಂದು ಕಡೆ ಒಡೆಯದೇ ಕೆಟ್ಟಿತು, ಇನ್ನೊಂದು ಕಡೆ ಯಾವಾಗಲೋ ಒಡೆದು ಕೆಟ್ಟಿತು. ಮೆಣಸಿನ ಅಡುಗೆಯಲ್ಲಿ ನಾವು ಚಮಚದ ಲೆಕ್ಕ ಕೇಳುತ್ತೇವೆ. ಕೇಳಬೇಕಾದ್ದು ಕಾಳನ್ನು ಯಾವ ಹೊತ್ತಿಗೆ ಒಡೆಯಬೇಕು, ಎಷ್ಟು ಒಡೆಯಬೇಕು ಎಂದು.

ಸಿಪ್ಪೆಯ ಘಮ, ತಿರುಳಿನ ಖಾರ

ಒಂದು ದಪ್ಪ ಕಾಳನ್ನು ಚೂಪಾದ ಚಾಕುವಿನಿಂದ ಎರಡು ಹೋಳು ಮಾಡಿ ಬೆಳಕಿಗೆ ಹಿಡಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಹೊರಗೆ ಸುಕ್ಕುಗಟ್ಟಿದ ಕಪ್ಪು ಸಿಪ್ಪೆ, ಕಾಗದದಷ್ಟು ತೆಳು. ಒಳಗೆ ಕೆನೆ ಬಣ್ಣದ ಗಟ್ಟಿ ತಿರುಳು, ನಡುವೆ ಪುಟ್ಟದೊಂದು ಟೊಳ್ಳು. ಸಿಪ್ಪೆಯ ಚೂರನ್ನಷ್ಟೇ ನಾಲಿಗೆಯ ಮೇಲಿಟ್ಟುಕೊಂಡರೆ ಮೊದಲು ಮೂಗಿಗೆ ಪರಿಮಳ ಬರುತ್ತದೆ: ಸ್ವಲ್ಪ ನಿಂಬೆ, ಸ್ವಲ್ಪ ಹಸಿ ಮರ, ಮಳೆ ಬಿದ್ದ ಕಾಡಿನ ವಾಸನೆ. ತಿರುಳನ್ನಷ್ಟೇ ಅಗಿದರೆ ಪರಿಮಳ ಕಡಿಮೆ, ಕೆಲವೇ ಕ್ಷಣಗಳಲ್ಲಿ ಗಂಟಲಿಗೆ ಹತ್ತುವ ಖಾರ. ಘಮ ಕೊಡುವ ಎಣ್ಣೆಯಲ್ಲಿ ಬಹುಪಾಲು ಹೊರಪದರದಲ್ಲಿದೆ, ಖಾರ ಕೊಡುವ ಪೈಪರಿನ್ ಬಹುಪಾಲು ಒಳಗಿದೆ. ಒಣಗಿದ ಕಾಳಿನ ತೂಕದಲ್ಲಿ ಎಣ್ಣೆ ನೂರಕ್ಕೆ 2ರಿಂದ 4, ಪೈಪರಿನ್ 3ರಿಂದ 9, ತಳಿ ಮತ್ತು ಬಲಿತ ಹದದ ಮೇಲೆ. ಪೈಪರಿನ್ನನ್ನು ಮೊದಲು ಬೇರ್ಪಡಿಸಿದವರು ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್, 1819ರಲ್ಲಿ. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ಮರುವರ್ಷ ತೋರಿಸಿಕೊಟ್ಟವರೂ ಅವರೇ.

ಈ ಎರಡರ ಗುಣ ಪೂರ್ತಿ ಬೇರೆ. ಎಣ್ಣೆ ಹಾರಿಹೋಗುವಂಥದ್ದು. ಪೈನೀನ್, ಲಿಮೊನೀನ್, ಸ್ಯಾಬಿನೀನ್‌ನಂಥ ಹಗುರ ಅಂಶಗಳು ಕಾಳು ಒಡೆದ ಕೂಡಲೇ ಹೊರಡುತ್ತವೆ, ಕುದಿಯುವ ನೀರಿನ ಹಬೆ ಜೊತೆ ಇನ್ನೂ ಬೇಗ. ಅಡುಗೆಮನೆಯೆಲ್ಲ ಘಮಘಮ ಎನ್ನುತ್ತಿದ್ದರೆ ಆ ಘಮ ಪಾತ್ರೆಯಿಂದ ಆಚೆ ಹೋಗಿದೆ ಎಂದೇ ಲೆಕ್ಕ. ಪೈಪರಿನ್ ಹಾಗೆ ಎಲ್ಲಿಗೂ ಹಾರುವುದಿಲ್ಲ. ಅರ್ಧ ಗಂಟೆ ಕುದಿಸಿದರೂ ಇರುತ್ತದೆ, ಹುರಿದರೂ ಇರುತ್ತದೆ. ಆದರೆ ಅದಕ್ಕೆ ನೀರು ಒಗ್ಗುವುದಿಲ್ಲ. ಒಂದು ಲೀಟರ್ ತಣ್ಣೀರಿನಲ್ಲಿ ಕರಗುವುದು ಸುಮಾರು 40 ಮಿಲಿಗ್ರಾಂ ಮಾತ್ರ. ತುಪ್ಪ, ಎಣ್ಣೆ, ತೆಂಗಿನ ಹಾಲಿನ ಜಿಡ್ಡಿನಲ್ಲಿ ಅದಕ್ಕಿಂತ ಎಷ್ಟೋ ಚೆನ್ನಾಗಿ ಕರಗುತ್ತದೆ. ತಿಳಿಸಾರಿನ ಪಾತ್ರೆಯಲ್ಲಿ ಮೊದಲ ಸೌಟು ಸಪ್ಪೆ, ಕೊನೆಯ ಸೌಟು ಕಣ್ಣಲ್ಲಿ ನೀರು ಬರಿಸುವಷ್ಟು ಖಾರ ಆಗುವುದು ಇದಕ್ಕೇ. ಪುಡಿ ತಳಕ್ಕೆ ಕೂತಿರುತ್ತದೆ, ಖಾರವೂ ಅದರ ಜೊತೆ ಕೂತಿರುತ್ತದೆ. ಮೆಣಸಿನ ಸಾರು ಬಡಿಸುವವರು ಪ್ರತಿ ಸೌಟಿಗೂ ತಳ ಮುಟ್ಟಿ ಕದಡಿ ತೆಗೆಯಬೇಕು.

ಘಮದ ವಿಷಯದಲ್ಲಿ ಇನ್ನೊಂದು ಮಾತು. ಮೆಣಸಿಗೆ ಮೆಣಸಿನದೇ ಆದ ಆ ಒಗರು ಕಾಡುವಾಸನೆ ಕೊಡುವ ಅಂಶ ರೊಟುಂಡೋನ್ ಎಂದು ಗೊತ್ತಾದದ್ದು 2008ರಲ್ಲಿ. ಆಸ್ಟ್ರೇಲಿಯಾದ ಸಂಶೋಧಕರು ಶಿರಾಜ್ ದ್ರಾಕ್ಷಿಯ ವೈನಿಗೆ ಮೆಣಸಿನ ವಾಸನೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋಗಿ ಇದನ್ನು ಕಂಡರು. ಆಗಲೇ ತಿಳಿದ ಇನ್ನೊಂದು ಸಂಗತಿ: ಐದರಲ್ಲಿ ಒಬ್ಬರಿಗೆ ಈ ವಾಸನೆ ಮೂಗಿಗೆ ಹತ್ತುವುದೇ ಇಲ್ಲ. ಒಂದೇ ಸಾರನ್ನು ಒಬ್ಬರು ಘಮ್ ಎನ್ನುತ್ತದೆ ಎಂದು, ಇನ್ನೊಬ್ಬರು ಬರೀ ಖಾರ ಎಂದು ಹೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಮೆಣಸಿನ ಸಾರು, ಎರಡು ಕಂತಿನಲ್ಲಿ

ಘಮ ಓಡುತ್ತದೆ, ಖಾರ ನಿಲ್ಲುತ್ತದೆ ಎಂದಾದ ಮೇಲೆ ಇಡೀ ಮೆಣಸನ್ನು ಒಂದೇ ಸಲ ಹಾಕುವುದರಲ್ಲಿ ಅರ್ಥವಿಲ್ಲ. ನಾಲ್ಕು ಜನಕ್ಕೆ ಸಾರು ಮಾಡುವುದಾದರೆ ಒಂದೂವರೆ ಟೀ ಚಮಚ ಮೆಣಸು ಬೇಕು. ಒಂದು ಚಮಚ ಎಂದರೆ ಸುಮಾರು 3 ಗ್ರಾಂ, ಹೆಚ್ಚುಕಡಿಮೆ ಅರುವತ್ತು ಕಾಳು. ಇದರಲ್ಲಿ ಒಂದು ಚಮಚ ಮೊದಲ ಕಂತು, ಅರ್ಧ ಚಮಚ ಕೊನೆಯ ಕಂತು.

ಮೊದಲ ಕಂತನ್ನು ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಒಂದೂವರೆ ನಿಮಿಷಕ್ಕೆ ಕಾಳು ತುಸು ಉಬ್ಬಿ, ಒಂದೆರಡು ಪಟ್ ಎನ್ನುತ್ತವೆ. ಆಗ ಒಂದೂವರೆ ಚಮಚ ಜೀರಿಗೆ ಹಾಕಿ, ಇಪ್ಪತ್ತು ಸೆಕೆಂಡ್ ತಿರುವಿ ಇಳಿಸಿಬಿಡಬೇಕು. ಜೀರಿಗೆಯನ್ನು ಮೆಣಸಿನ ಜೊತೆಗೇ ಮೊದಲಿಗೇ ಹಾಕಿದರೆ ಮೆಣಸು ಹದಕ್ಕೆ ಬರುವಷ್ಟರಲ್ಲಿ ಜೀರಿಗೆ ಸೀದು ಸಾರೆಲ್ಲ ಕಹಿ. ಉರಿ ಜೋರಿದ್ದರೆ ಇನ್ನೊಂದು ಅಪಾಯ ಇದೆ. ಕಾಳಿನೊಳಗಿನ ತೇವ ಒಮ್ಮೆಲೇ ಹಬೆಯಾಗಿ ಕಾಳು ಸಿಡಿಯುತ್ತದೆ, ಬಿಸಿ ತುಪ್ಪದ ಸಮೇತ ಮುಖಕ್ಕೆ ಹಾರುತ್ತದೆ. ಪಕ್ಕದಲ್ಲಿ ಒಂದು ಮುಚ್ಚಳ ಇಟ್ಟುಕೊಂಡಿರುವುದು ಲೇಸು. ಹುರಿದದ್ದು ಆರಿದ ಮೇಲೆ ಕುಟ್ಟಾಣಿಯಲ್ಲಿ ಬನ್ಸಿ ರವೆಯ ಹದಕ್ಕೆ ಕುಟ್ಟಬೇಕು. ಆರುವ ಮೊದಲೇ ಕುಟ್ಟಿದರೆ ತುಪ್ಪದ ಜಿಡ್ಡಿಗೆ ಪುಡಿಯಾಗದೆ ಮುದ್ದೆಯಾಗುತ್ತದೆ.

ಇತ್ತ ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸಕ್ಕೆ ಉಪ್ಪು, ಕರಿಬೇವು, ಸುಂಡೆಕಾಯಿಯಷ್ಟು ಬೆಲ್ಲ ಹಾಕಿ ಹಸಿ ವಾಸನೆ ಹೋಗುವ ತನಕ ಏಳೆಂಟು ನಿಮಿಷ ಕುದಿಸಿರಬೇಕು. ಬೇಯಿಸಿದ ತೊಗರಿಬೇಳೆ ಕಾಲು ಬಟ್ಟಲು, ಒಟ್ಟು ನೀರು ನಾಲ್ಕು ಬಟ್ಟಲು. ಬೇಳೆ ಇಲ್ಲದೆಯೂ ಮಾಡುತ್ತಾರೆ, ಆದರೆ ಸ್ವಲ್ಪ ಬೇಳೆ ಇದ್ದರೆ ಪುಡಿ ಅಷ್ಟು ಬೇಗ ತಳ ಹಿಡಿಯುವುದಿಲ್ಲ. ಕುಟ್ಟಿದ ಪುಡಿ ಹಾಕಿ ಎರಡು ಮೂರು ನಿಮಿಷ ಕುದಿಸಿ, ನೊರೆ ಮೇಲೇಳುತ್ತಿದ್ದ ಹಾಗೆ ಒಲೆ ಆರಿಸಬೇಕು. ಈಗ ಎರಡನೆಯ ಕಂತು. ಹುರಿಯದ ಅರ್ಧ ಚಮಚ ಮೆಣಸನ್ನು ಅದೇ ಗಳಿಗೆಯಲ್ಲಿ ಕುಟ್ಟಿ, ಆರಿದ ಒಲೆಯ ಮೇಲಿನ ಸಾರಿಗೆ ಹಾಕಿ, ಒಮ್ಮೆ ಕದಡಿ, ಐದು ನಿಮಿಷ ಮುಚ್ಚಿಡಬೇಕು. ಮೊದಲ ಕಂತು ಗಂಟಲಿಗೆ, ಈ ಕಂತು ಮೂಗಿಗೆ. ತುಪ್ಪ, ಸಾಸಿವೆ, ಇಂಗಿನ ಒಗ್ಗರಣೆ ಕೊನೆಗೆ. ಬೆಳ್ಳುಳ್ಳಿ ತಿನ್ನುವವರು ನಾಲ್ಕೆಸಳು ಜಜ್ಜಿ ಒಗ್ಗರಣೆಗೆ ಹಾಕಿಕೊಳ್ಳಬಹುದು.

ಉಳಿದ ಸಾರು ಮರುದಿನ ಖಾರ ಹೆಚ್ಚಾಗಿ, ಪರಿಮಳ ಇಲ್ಲದೆ ಇರುತ್ತದೆ. ರಾತ್ರಿಯೆಲ್ಲ ತರಿಯೊಳಗಿನ ಖಾರ ಬಿಟ್ಟುಕೊಂಡಿದೆ, ಎಣ್ಣೆ ಹಾರಿದೆ. ಅದಕ್ಕೆ ಅರ್ಧ ಲೋಟ ಬೇಳೆಕಟ್ಟೋ ಬಿಸಿನೀರೋ ಬೆರೆಸಿ, ಬಿಸಿ ಮಾಡಿ ಇಳಿಸಿದ ಮೇಲೆ ಹತ್ತು ಕಾಳು ಕುಟ್ಟಿ ಹಾಕಿದರೆ ಮತ್ತೆ ಸಾರಿನ ಕಳೆ ಬರುತ್ತದೆ.

ಪೊಂಗಲ್‌ಗೂ ಇದೇ ಲೆಕ್ಕ. ಒಂದು ಬಟ್ಟಲು ಅಕ್ಕಿ, ಅರ್ಧ ಬಟ್ಟಲು ಹೆಸರುಬೇಳೆಗೆ ಅರ್ಧ ಚಮಚ ಇಡೀ ಕಾಳನ್ನು ಅಕ್ಕಿಯ ಜೊತೆಗೇ ಕುಕ್ಕರಿಗೆ ಹಾಕಿಬಿಡಿ. ಬೆಂದು ಊದಿಕೊಂಡ ಕಾಳು ಹಲ್ಲಿಗೆ ಕಲ್ಲಾಗುವುದಿಲ್ಲ, ಬೆರಳಲ್ಲಿ ಒತ್ತಿದರೆ ನುರಿಯುತ್ತದೆ. ಅದರ ಖಾರವೂ ಅನ್ನಕ್ಕೆ ಇಳಿದಿರುತ್ತದೆ. ಇನ್ನೊಂದು ಚಮಚ ಕಾಳನ್ನು ಎರಡು ಮೂರು ಹೋಳಾಗುವಷ್ಟು ಮಾತ್ರ ಜಜ್ಜಿ, ಜೀರಿಗೆ ಸಿಡಿದ ಮೇಲೆ ತುಪ್ಪಕ್ಕೆ ಹಾಕಿ, ಹತ್ತೆಣಿಸುವಷ್ಟರಲ್ಲಿ ಪೊಂಗಲ್ ಮೇಲೆ ಸುರಿಯಿರಿ. ಜಜ್ಜಿದ ಮೆಣಸು ತುಪ್ಪದಲ್ಲಿ ಬಹಳ ಬೇಗ ಸೀಯುತ್ತದೆ. ಅದಕ್ಕೇ ಬಹಳ ಜನ ಇಡೀ ಕಾಳು ಹಾಕಿ ನಿಶ್ಚಿಂತರಾಗುವುದು. ಆದರೆ ಇಡೀ ಕಾಳಿನ ಸಿಪ್ಪೆಯೊಳಗಿನದು ತುಪ್ಪಕ್ಕೆ ಇಳಿಯಲು ಅರ್ಧ ನಿಮಿಷ ಸಾಲದು.

ಮೆಣಸು ಎಂಬ ಹೆಸರು

ಮೈಸೂರು ಕಡೆಯ ಹಿರಿಯರಿಗೆ ಮೆಣಸು ಅಂದರೆ ಇವತ್ತಿಗೂ ಈ ಕಪ್ಪು ಕಾಳೇ; ಕೆಂಪಗೆ ಉದ್ದಗೆ ಇರುವುದು ಮೆಣಸಿನಕಾಯಿ. ಕರಾವಳಿಗೆ ಇಳಿದರೆ ಮೆಣಸು ಎಂದಾಗ ಮೆಣಸಿನಕಾಯಿಯನ್ನು ಕೈಗಿಡುತ್ತಾರೆ. ಕಪ್ಪು ಕಾಳು ಬೇಕಿದ್ದರೆ ಒಳ್ಳೆಮೆಣಸು ಎನ್ನಬೇಕು, ತುಳುವಿನಲ್ಲಿ ಎಡ್ಡೆಮುಂಚಿ. ಆ ‘ಒಳ್ಳೆ’ ಎಂಬ ಮಾತಿನಲ್ಲಿ ಒಂದು ಚರಿತ್ರೆ ಇದೆ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗುಗಳಲ್ಲಿ ಇಲ್ಲಿಗೆ ಬಂದದ್ದು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಯ ಕಡೆ ಬಂದಿಳಿದದ್ದು ನಮ್ಮ ಮೆಣಸಿಗಾಗಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಮೆಣಸನ್ನು ಒಯ್ಯಲು ಬಂದವರು ತಂದುಕೊಟ್ಟ ಕಾಯಿ ಹಿತ್ತಿಲಲ್ಲೇ ಸುಲಭಕ್ಕೆ ಬೆಳೆಯಿತು, ಅಗ್ಗಕ್ಕೆ ಸಿಕ್ಕಿತು. ಅದು ಮೊದಲು ಮೆಣಸಿನ ಹೆಸರನ್ನು ತೆಗೆದುಕೊಂಡಿತು, ಆಮೇಲೆ ಒರಳಿನಲ್ಲಿ ಅದರ ಜಾಗವನ್ನೂ ತೆಗೆದುಕೊಂಡಿತು. ಕೊನೆಗೆ ಮೂಲದ ಮೆಣಸೇ ಕರಿ, ಕಾಳು, ಒಳ್ಳೆ ಎಂದು ಗುರುತು ಹೇಳಿಕೊಳ್ಳಬೇಕಾಯಿತು.

ಆದರೂ ಮೆಣಸು ಜಾಗ ಬಿಟ್ಟುಕೊಡದ ಕೆಲವು ಅಡುಗೆಗಳಿವೆ. ಬ್ರಾಹ್ಮಣರ ಮನೆಗಳ ತಿಥಿ ಅಡುಗೆಗೆ ಮೆಣಸಿನಕಾಯಿ ತಾಗಿಸುವುದಿಲ್ಲ, ಖಾರವೆಲ್ಲ ಮೆಣಸು, ಜೀರಿಗೆ, ಶುಂಠಿಯದು. ಬಾಣಂತಿಗೆ ಮೆಣಸಿನ ಸಾರು, ಜ್ವರ ಬಿಟ್ಟವರಿಗೆ ಮೆಣಸಿನ ಸಾರು. ಐದುನೂರು ವರ್ಷದ ಹಿಂದಿನ ಕನ್ನಡ ಅಡುಗೆಯ ಖಾರ ಹೇಗಿತ್ತು ಎಂದು ತಿಳಿಯಬೇಕಾದರೆ ತಿಥಿಯ ಎಲೆಯ ಮುಂದೆ ಕೂರಬೇಕು. ಆ ಖಾರ ಬೇರೆ ತೆರ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮತ್ತು ಮೆಣಸಿನ ಪೈಪರಿನ್ ಎರಡೂ ನರದ ತುದಿಯಲ್ಲಿ ಕದ ತಟ್ಟುವುದು ಬಿಸಿಯನ್ನು ಅರಿಯುವ ಒಂದೇ ಗ್ರಾಹಕಕ್ಕೆ. ಆದರೆ ಪೈಪರಿನ್ನಿನ ಬಲ ಕ್ಯಾಪ್ಸೈಸಿನ್ನಿಗಿಂತ ಎಷ್ಟೋ ಕಡಿಮೆ. ಬಂದಷ್ಟೇ ಬೇಗ ಇಳಿಯುತ್ತದೆ, ಮುಂದಿನ ತುತ್ತಿನ ಹುಳಿ ಉಪ್ಪು ನಾಲಿಗೆಗೆ ಗೊತ್ತಾಗಲು ಬಿಡುತ್ತದೆ.

ಕಪ್ಪಗೆ ಹುರಿಯುವ ಹದ

ಘಮವನ್ನು ಕಾಯಬೇಕು ಎಂದು ಇಷ್ಟು ಹೇಳಿ, ಬೇಕೆಂದೇ ಅದನ್ನು ಬಿಟ್ಟುಕೊಡುವ ಅಡುಗೆಯನ್ನೂ ಹೇಳಲೇಬೇಕು. ಕೊಡಗಿನ ಪಂದಿಕರಿಯಲ್ಲಿ ಮಸಾಲೆಯನ್ನು ಬರೀ ಬಾಣಲೆಯಲ್ಲಿ ಕಪ್ಪಾಗುವ ಅಂಚಿನವರೆಗೆ ಹುರಿಯುತ್ತಾರೆ. ಒಂದು ಕಿಲೋ ಮಾಂಸಕ್ಕೆ ಒಂದೂವರೆ ದೊಡ್ಡ ಚಮಚ ಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಜೀರಿಗೆ, ಒಂದು ಟೀ ಚಮಚ ಸಾಸಿವೆ ಒಳ್ಳೆಯ ಅಳತೆ. ಪ್ರತಿಯೊಂದನ್ನೂ ಬೇರೆ ಬೇರೆ ಹುರಿಯಬೇಕು, ಏಕೆಂದರೆ ಕೊತ್ತಂಬರಿ ಬೀಜ ಕಾಫಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಜೀರಿಗೆ ಇದ್ದಿಲಾಗಿರುತ್ತದೆ. ಇಲ್ಲಿ ಮೆಣಸಿನ ನಿಂಬೆಯಂಥ ಹಗುರ ಘಮ ಹೋಗುತ್ತದೆ, ಹೋಗಲಿ. ಬದಲಿಗೆ ಹುರಿದ ಕಾಫಿಬೀಜದಂಥ ದಪ್ಪ ವಾಸನೆ ಹುಟ್ಟುತ್ತದೆ, ಖಾರ ಹಾಗೇ ಉಳಿಯುತ್ತದೆ. ಹಂದಿಯ ಕೊಬ್ಬು ಆ ಖಾರವನ್ನು ಕರಗಿಸಿಕೊಂಡು ತುಂಡು ತುಂಡಿಗೂ ಮುಟ್ಟಿಸುತ್ತದೆ. ಪುಡಿಯನ್ನೂ ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿಯನ್ನೂ ಹಾಕುವುದು ಮಾಂಸ ಬೆಂದ ಮೇಲೆ, ಕೊನೆಯ ಹತ್ತು ನಿಮಿಷದಲ್ಲಿ. ಒಂದು ದೊಡ್ಡ ಚಮಚ ಕಾಚಂಪುಳಿಯಿಂದ ಶುರು ಮಾಡಿ ರುಚಿ ನೋಡಿಕೊಂಡು ಹೆಚ್ಚಿಸಬೇಕು. ಹುರಿಯುವಾಗ ಹೊಗೆ ತೆಳ್ಳಗೆ ಬಿಳಿಯಾಗಿರುವ ತನಕ ಪರವಾಗಿಲ್ಲ. ಹೊಗೆ ದಟ್ಟವಾಗಿ ಕಣ್ಣು ಕುಟುಕಿತು ಅಂದರೆ ಮೀರಿತು, ಆ ಪುಡಿಯನ್ನು ಬೆಲ್ಲ ಹುಳಿ ಯಾವುದೂ ಉಳಿಸಿಕೊಡುವುದಿಲ್ಲ.

ತಂಬುಳಿಯದ್ದು ಇದಕ್ಕೆ ತೀರ ವಿರುದ್ಧದ ಹದ. ಅರ್ಧ ಚಮಚ ಮೆಣಸು, ಒಂದು ಚಮಚ ಜೀರಿಗೆಯನ್ನು ತುಪ್ಪದಲ್ಲಿ ಬೆಚ್ಚಗೆ ಮಾಡಿದಂತೆ ಹುರಿದು, ಅರ್ಧ ಬಟ್ಟಲು ತೆಂಗಿನತುರಿ ಜೊತೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ಆಯಿತು, ಮತ್ತೆ ಬಿಸಿ ಇಲ್ಲ. ತೆಂಗಿನಕಾಯಿಯ ಜಿಡ್ಡು ಖಾರವನ್ನು ಹಿಡಿದುಕೊಳ್ಳುತ್ತದೆ. ಇಲ್ಲಿ ತರಿ ಉಳಿಯಬಾರದು. ತಣ್ಣಗಿನ ಮಜ್ಜಿಗೆಯಲ್ಲಿ ಮೆಣಸಿನ ತರಿ ಏನನ್ನೂ ಬಿಟ್ಟುಕೊಡದೆ ಬರೀ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಅಂಗಳದಿಂದ ಅಂಗಡಿಗೆ

ಕಾಳು ಕೈಗೆ ಬರುವ ಮೊದಲೇ ಕೆಡುವುದೂ ಉಂಟು. ಅಡಿಕೆ ಮರಕ್ಕೋ, ಕಾಫಿ ತೋಟದ ಸಿಲ್ವರ್ ಓಕ್ ಮರಕ್ಕೋ ಹಬ್ಬಿದ ಬಳ್ಳಿ ಮುಂಗಾರಿನಲ್ಲಿ ಹೂ ಬಿಟ್ಟು, ಡಿಸೆಂಬರಿನಿಂದ ಮಾರ್ಚ್ ತನಕ, ಎತ್ತರದ ಜಾಗಗಳಲ್ಲಿ ಇನ್ನೂ ತುಸು ತಡವಾಗಿ, ಕೊಯ್ಲಿಗೆ ಬರುತ್ತದೆ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಅದೇ ಹದ. ಅದಕ್ಕೂ ಮೊದಲು ಕೊಯ್ದರೆ ಕಾಳು ಜೊಳ್ಳು. ಎಳೆಯ ಕಾಳಿನಲ್ಲಿ ಎಣ್ಣೆ ಹೆಚ್ಚೇ ಇರುತ್ತದೆ, ಆದರೆ ಒಳಗಿನ ಪಿಷ್ಟ ಕಟ್ಟಿರುವುದಿಲ್ಲ. ಸತ್ವ ತೆಗೆಯುವ ಕಾರ್ಖಾನೆಗೆ ಅದು ಆದೀತು, ಅಡುಗೆಮನೆಗೆ ಆಗದು.

ಉದುರಿಸಿದ ಹಸಿರು ಕಾಳನ್ನು ಬಿದಿರಬುಟ್ಟಿಯಲ್ಲಿ ತುಂಬಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆಯುವವರ ಅಂಗಳದಲ್ಲಿ ನಿಂತರೆ ಬಣ್ಣ ತಿರುಗುವುದನ್ನು ಕಣ್ಣಾರೆ ನೋಡಬಹುದು. ಬುಟ್ಟಿ ಎತ್ತಿದಾಗ ಹಸಿರೇ. ನೀರು ಸೋರಿ, ಕಾಳನ್ನು ನೆಲಕ್ಕೆ ಹರಡಿದ ಮೇಲೆ ಹಸಿರು ಮಂಕಾಗಿ ಕಂದಿಗೆ ತಿರುಗುತ್ತದೆ, ಬಿಸಿಲು ಏರಿದ ಹಾಗೆ ಕಪ್ಪಾಗುತ್ತದೆ. ಸಿಪ್ಪೆಯೊಳಗಿನ ಕಿಣ್ವಗಳು ಗಾಳಿಯ ಜೊತೆ ಸೇರಿ ಮಾಡುವ ಕೆಲಸ ಅದು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಅದೇ ಬಗೆ. ಬಿಸಿನೀರಿಗೆ ಸಿಪ್ಪೆಯ ಜೀವಕೋಶ ಬಿರಿದು ಈ ಕೆಲಸ ಎಲ್ಲ ಕಾಳಿನಲ್ಲೂ ಒಂದೇ ಸಮ ಆಗುತ್ತದೆ, ದೂಳು ತೊಳೆದುಹೋಗುತ್ತದೆ, ಒಣಗುವುದೂ ಬೇಗ. ಒಂದು ನಿಮಿಷವನ್ನು ನಾಲ್ಕೈದು ನಿಮಿಷ ಮಾಡಿದರೆ ಕಿಣ್ವವೇ ಸತ್ತು ಬಣ್ಣ ಕೂರುವುದಿಲ್ಲ. ಮೂರರಿಂದ ಐದು ದಿನದ ಒಳ್ಳೆಯ ಬಿಸಿಲಿಗೆ ಕಾಳಿನ ತೇವ ನೂರಕ್ಕೆ ಹನ್ನೊಂದರ ಆಸುಪಾಸಿಗೆ ಇಳಿಯಬೇಕು. ನೂರು ಕಿಲೋ ಹಸಿ ಕಾಳು ಒಣಗಿ ಸುಮಾರು ಮೂವತ್ತಮೂರು ಕಿಲೋ ಆಗುತ್ತದೆ. ಹಿಡಿ ತುಂಬ ಕಾಳು ತೆಗೆದು ಅಲುಗಿಸಿದರೆ ಗಲಗಲ ಎನ್ನಬೇಕು, ಹಲ್ಲಿಗೆ ಹಾಕಿದರೆ ಟಕ್ ಎಂದು ಒಡೆಯಬೇಕು. ನಸುಗಿದರೆ ಇನ್ನೂ ಬಿಸಿಲು ಬೇಕು. ಹಾಗೇ ಚೀಲಕ್ಕೆ ಹೋದದ್ದು ಮಳೆಗಾಲದೊಳಗೆ ಬೂಷ್ಟು ಹಿಡಿಯುತ್ತದೆ.

ಪೂರ್ತಿ ಹಣ್ಣಾದ ಕಾಳನ್ನು ವಾರ ಹತ್ತು ದಿನ ನೀರಿನಲ್ಲಿ ಕೊಳೆಸಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸಿದರೆ ಬಿಳಿ ಮೆಣಸು, ಶಿರಸಿ ಸೀಮೆಯವರ ಬೋಳುಕಾಳು. ಸಿಪ್ಪೆಯ ಜೊತೆ ಬಹುಪಾಲು ಘಮವೂ ಹೋಗಿದೆ, ಖಾರ ಪೂರ್ತಿ ಇದೆ. ನೀರು ದಿನಾ ಬದಲಿಸದೆ ನಿಲ್ಲಿಸಿದ್ದರೆ ಕೊಟ್ಟಿಗೆಯ ವಾಸನೆ ಕಾಳಿಗೆ ಅಂಟಿ ಕೊನೆತನಕ ಬಿಡುವುದಿಲ್ಲ. ಬಿಳಿ ಮೆಣಸು ಕೊಳ್ಳುವಾಗ ಮೂಸಿಯೇ ಕೊಳ್ಳಬೇಕು.

ಕರಿಮೆಣಸು ಕೊಳ್ಳುವಾಗಲೂ ಮೂಗಿನದೇ ಮೊದಲ ಕೆಲಸ. ನಾಲ್ಕು ಕಾಳನ್ನು ಅಂಗೈಯಲ್ಲಿ ಬಲವಾಗಿ ಉಜ್ಜಿ ಮೂಸಿ. ಅತಿ ಹೊಳಪಿದ್ದು ಸೀಮೆಎಣ್ಣೆಯ ಛಾಯೆ ಬಂದರೆ ಖನಿಜ ತೈಲ ಸವರಿದ್ದಾರೆ, ಬಿಟ್ಟುಬಿಡಿ. ನೀರಿನ ಪರೀಕ್ಷೆ ಎಲ್ಲರಿಗೂ ಗೊತ್ತು: ಬಲಿತ ಮೆಣಸು ಮುಳುಗುತ್ತದೆ, ಬೆರಕೆಗೆ ಹಾಕುವ ಪರಂಗಿ ಬೀಜ ತೇಲುತ್ತದೆ. ಆದರೆ ತೇಲಿದ್ದೆಲ್ಲ ಪರಂಗಿ ಬೀಜವೆಂದು ವ್ಯಾಪಾರಿಯ ಮೇಲೆ ಹೋಗಬಾರದು, ಜೊಳ್ಳು ಮೆಣಸೂ ತೇಲುತ್ತದೆ. ತೇಲಿದ್ದನ್ನು ಒಡೆದು ನಾಲಿಗೆಗೆ ಇಟ್ಟರೆ ಯಾವುದು ಎಂದು ಗೊತ್ತಾಗುತ್ತದೆ. ಪರಂಗಿ ಬೀಜ ಮೊಟ್ಟೆಯಾಕಾರಕ್ಕೆ ಇರುತ್ತದೆ, ಮೆಣಸು ಗುಂಡಗೆ. ಇನ್ನು ತಲಶೇರಿ ಮೆಣಸು ಎಂದು ದುಬಾರಿಗೆ ಮಾರುವುದು ಬೇರೆ ತಳಿಯೇನಲ್ಲ. 4.25 ಮಿಲಿಮೀಟರಿನ ಜರಡಿಯಲ್ಲಿ ಇಳಿಯದೆ ನಿಂತ ದಪ್ಪ ಕಾಳಿಗೆ ವ್ಯಾಪಾರದಲ್ಲಿ ಹತ್ತಿದ ಹೆಸರು ಅದು. ಇಡಿಯಾಗಿ, ಜಜ್ಜಿ ಬಳಸುವ ಅಡುಗೆಗೆ ದಪ್ಪ ಕಾಳು ಚೆನ್ನ. ಕಷಾಯದ ಪುಡಿಗೆ, ಸಾರಿನಪುಡಿಗೆ ಅದರ ಹಣ ಕೊಡುವುದು ವ್ಯರ್ಥ.

ಕಾಳಾಗಿ ಇಟ್ಟರೆ ಮೆಣಸು ಎರಡು ಮೂರು ವರ್ಷ ಬಾಳುತ್ತದೆ. ಪುಡಿಯಾಗಿಟ್ಟರೆ ಕೆಲವೇ ವಾರ. ಮಿಕ್ಸಿಯಲ್ಲಿ ಒಂದೇ ಸಮ ಒಂದು ನಿಮಿಷ ತಿರುಗಿಸಿದರೆ ಜಾರ್ ಕೈಗೆ ಬಿಸಿ ತಾಗುತ್ತದಲ್ಲ, ಆ ಬಿಸಿಗೇ ಎಣ್ಣೆ ಹಾರುತ್ತದೆ. ಎರಡು ಮೂರು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಬೇಕು. ದಿನಕ್ಕೊಂದು ಚಮಚಕ್ಕೆ ಕುಟ್ಟಾಣಿಯೇ ಸಾಕು, ಅಥವಾ ತಿರುಗಿಸುವ ಪೆಪ್ಪರ್ ಮಿಲ್. ಬೆಳಕು ಕೂಡ ಶತ್ರುವೇ. ಬೆಳಕು ಬಿದ್ದು ಬಿದ್ದು ಪೈಪರಿನ್ ಖಾರವಿಲ್ಲದ ರೂಪಕ್ಕೆ ತಿರುಗುತ್ತದೆ. ಕಿಟಕಿಯ ಪಕ್ಕದ ಗಾಜಿನ ಬಾಟಲಿ, ಒಲೆಯ ಮೇಲಿನ ಗೂಡು, ಎರಡೂ ಮೆಣಸಿಗೆ ತಕ್ಕ ಜಾಗ ಅಲ್ಲ. ಮಳೆಗಾಲಕ್ಕೆ ಮೊದಲು ಬಿಸಿಲಿಗಿಟ್ಟು ತುಂಬಿಸುವವರು ಕಾಳು ಪೂರ್ತಿ ತಣ್ಣಗಾದ ಮೇಲೆ ಡಬ್ಬಿಗೆ ಹಾಕಬೇಕು. ಬಿಸಿ ಕಾಳು ಮುಚ್ಚಿದರೆ ಮುಚ್ಚಳದ ಒಳಗೇ ಬೆವರು ಕಟ್ಟುತ್ತದೆ.

ಅರಿಶಿನದ ಹಾಲಿಗೆ ಮೆಣಸು ಹಾಕಬೇಕು ಎಂದು ಈಗ ಲೋಕಕ್ಕೆಲ್ಲ ಗೊತ್ತು. ಆ ಮಾತಿನ ಹಿಂದಿರುವುದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನ. ಅರಿಶಿನದ ಸತ್ವವಾದ ಕರ್ಕ್ಯುಮಿನ್ 2 ಗ್ರಾಂ, ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಹೆಚ್ಚಿತು ಎಂದು ಅದರಲ್ಲಿ ಕಂಡಿತು. 20 ಮಿಲಿಗ್ರಾಂ ಪೈಪರಿನ್ ಎಂದರೆ ಎಂಟು ಕಾಳಿನಷ್ಟು, ಅದು ಸುಲಭ. ಆದರೆ 2 ಗ್ರಾಂ ಕರ್ಕ್ಯುಮಿನ್‌ಗೆ ಐವತ್ತು ಅರುವತ್ತು ಗ್ರಾಂ ಅರಿಶಿನ ಬೇಕು, ಅಷ್ಟನ್ನು ಯಾರೂ ಹಾಲಿಗೆ ಹಾಕುವುದಿಲ್ಲ. ಕೆಮ್ಮಿದ ಗಂಟಲಿಗೆ ಹಿತವಾಗುತ್ತದೆ ಎಂದು ಕುಡಿಯಿರಿ, ಅದಕ್ಕೆ ನಾಲ್ಕು ಕಾಳು ಸಾಕು. ಪೈಪರಿನ್ ಅರಿಶಿನಕ್ಕೆ ಮಾಡುವುದನ್ನೇ ಕೆಲವು ಔಷಧಿಗಳಿಗೂ ಮಾಡುತ್ತದೆ. ದಿನಾ ಮಾತ್ರೆ ತೆಗೆದುಕೊಳ್ಳುವವರು ಮೆಣಸಿನ ಸತ್ವದ ಕ್ಯಾಪ್ಸೂಲಿಗೆ ಕೈಹಾಕುವ ಮೊದಲು ವೈದ್ಯರನ್ನು ಕೇಳಬೇಕು.

ಹಸಿ ಮೆಣಸಿನ ಉಪ್ಪಿನಕಾಯಿ

ಇಡೀ ಕಾಳನ್ನು ಯಾರೂ ಎಲೆಯ ಅಂಚಿಗೆ ಸರಿಸದ ಪದಾರ್ಥವೊಂದಿದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಳ್ಳಿಯ ಕಾಳು ಬಲಿಯುವ ಮೊದಲೇ ಎಳೆ ಗೊಂಚಲನ್ನು ಕಿತ್ತು ಹಾಕುವ ಉಪ್ಪಿನಕಾಯಿ. ಹದ ನೋಡುವುದು ಉಗುರಿನಿಂದ: ಒತ್ತಿದರೆ ಉಗುರು ಸಲೀಸಾಗಿ ಇಳಿಯಬೇಕು. ಒಳಗೆ ಬಿಳಿ ಗಟ್ಟಿ ಬೀಜ ಉಗುರಿಗೆ ತಡೆದರೆ ಉಪ್ಪಿನಕಾಯಿಯ ಕಾಲ ಮುಗಿಯಿತು, ಎಷ್ಟು ತಿಂಗಳು ನೆನೆಸಿದರೂ ಅದು ಮೆತ್ತಗಾಗದು.

ಕಾಲು ಕಿಲೋ ಗೊಂಚಲಿಗೆ 75 ಗ್ರಾಂ ಕಲ್ಲುಪ್ಪು, ಎಂಟು ಹತ್ತು ರಸಭರಿತ ನಿಂಬೆಹಣ್ಣು. ಗೊಂಚಲನ್ನು ತೊಳೆದು ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಒಂದು ಹನಿ ನೀರೂ ಇಲ್ಲದ ಹಾಗೆ ಆರಿಸಬೇಕು. ಎರಡಂಗುಲದ ತುಂಡು ಮಾಡಿ, ಉಪ್ಪಿನ ಜೊತೆ ಒಂದು ಪದರ ಗೊಂಚಲು, ಒಂದು ಪದರ ಉಪ್ಪು ಎಂದು ಭರಣಿಗೆ ತುಂಬಿ ಎರಡು ದಿನ ಬಿಡಬೇಕು, ಬೆಳಿಗ್ಗೆ ಸಂಜೆ ಭರಣಿಯನ್ನು ಕುಲುಕಬೇಕು. ಮೂರನೆಯ ದಿನ ನಿಂಬೆರಸ, ಕಾಳು ಪೂರ್ತಿ ಮುಳುಗುವಷ್ಟು. ರಸದಿಂದ ಮೇಲೆ ತಲೆ ಎತ್ತಿದ ಕಾಳು ಗಾಳಿಗೆ ಕಪ್ಪಾಗುತ್ತದೆ, ಅಂಗಳದಲ್ಲಿ ಆಗುವ ಹಾಗೆಯೇ. ಹುಳಿಯಲ್ಲಿ ಮುಳುಗಿದ್ದರೆ ಆ ಕಿಣ್ವದ ಆಟ ನಡೆಯುವುದಿಲ್ಲ, ಹಸಿರಿನ ಛಾಯೆ ಉಳಿಯುತ್ತದೆ. ಅದಕ್ಕೇ ಮೇಲೆ ಒಂದು ಸಣ್ಣ ಪಿಂಗಾಣಿ ತಟ್ಟೆ ಕವುಚಿ ಒತ್ತಿಡುತ್ತಾರೆ. ಮೂರು ವಾರ ಕಳೆದ ಮೇಲೆ ಮೊಸರನ್ನದ ಜೊತೆ ಒಂದು ತುಂಡು ಹಾಕಿಕೊಂಡರೆ, ದಂಟಿನ ತುದಿ ಹಿಡಿದು ಹಲ್ಲಿನಲ್ಲಿ ಎಳೆದಾಗ ಕಾಳೆಲ್ಲ ಬಾಯಿಗೆ ಬರುತ್ತವೆ, ಎಲೆಯಲ್ಲಿ ಬೋಳು ದಂಟು ಮಾತ್ರ ಉಳಿಯುತ್ತದೆ.